ಬೆಳ್ಮಣ್ ಕಡೆಯ ಒಬ್ಬಳು

ಮಣಿಪಾಲದ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಮದುವೆಯ ಕಾಗದ, ದೇವಸ್ಥಾನದ ಸ್ಮರಣ ಸಂಚಿಕೆ, ಕಾಲೇಜುಗಳ ವಾರ್ಷಿಕ ವರದಿ, ಈಚೆಗೆ ನಿವೃತ್ತರಾದವರ ಆತ್ಮಕಥೆ. ಕೈಗೆ ಪುರುಸೊತ್ತು ಸಿಕ್ಕಿದ ಕೂಡಲೇ ಎಲ್ಲರಿಗೂ ತಮ್ಮ ಬದುಕು ಪುಸ್ತಕವಾಗಬೇಕು ಅನ್ನಿಸುತ್ತದೆ. ಆಗಲಿ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಕಳೆದ ವರ್ಷ ಕಾಪುವಿನ ಒಬ್ಬರು ತಮ್ಮ ಆತ್ಮಕಥೆ ತಂದರು. ಗಲ್ಫಿನಲ್ಲಿ ಒಂದು ಕಂಪೆನಿಯ ಉಗ್ರಾಣ ನೋಡಿಕೊಂಡು ಮೂವತ್ತು ವರ್ಷ ಕಳೆದವರು. ಅವರೂ ತುಳುವರು, ನಾನೂ ತುಳುವಳು. ಆದರೂ ನಾನು ಕನ್ನಡದಲ್ಲೇ ಮಾತಾಡಿದೆ. ತುಳುವಿಗೆ ಇಳಿದರೆ ಎರಡನೆಯ ವಾಕ್ಯಕ್ಕೇ ಮನೆ ಎಲ್ಲಿ, ಯಾರ ಮಗಳು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ನನಗೆ ಹಳೆಯ ಅಭ್ಯಾಸ.

ಬರೆದವರು ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂದು ನೋಡಲು ನನಗೆ ಯಾರೂ ಸಂಬಳ ಕೊಡುವುದಿಲ್ಲ. ಆದರೂ ಚಟ. ನನಗೆ ಗೊತ್ತಿರುವ ಒಂದು ಸಂಗತಿಯನ್ನು ಹಿಡಿದು ತೂಗಿ ನೋಡುತ್ತೇನೆ. ಇವರು ಮಟ್ಟುವಿನ ಅಜ್ಜಿಮನೆಯಲ್ಲಿ ಗುಳ್ಳ ಕೊಯ್ದದ್ದನ್ನು ಬರೆದಿದ್ದರು. ತೊಟ್ಟಿನ ಮುಳ್ಳು ಚುಚ್ಚಿ ಅತ್ತಾಗ ಅಜ್ಜಿ, ಕಾಯಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಕೊಯ್ಯಬೇಕು ಎಂದು ತೋರಿಸಿಕೊಟ್ಟಿದ್ದರಂತೆ. ಸರಿಯೇ, ಆ ಬದನೆಯ ಮುಳ್ಳು ನನ್ನ ಕೈಗೂ ಚುಚ್ಚಿದ್ದುಂಟು. ಉಗ್ರಾಣದ ಅಧ್ಯಾಯಗಳೂ ಸರಿ ಕಂಡವು. ಪ್ರತಿಯೊಂದರಲ್ಲೂ ಒಂದು ದಿನ, ಒಬ್ಬ ಮನುಷ್ಯ, ಅವನು ಆಡಿದ ಒಂದು ಮಾತು. ನಂಬಬಹುದಾದ ಮನುಷ್ಯ ಅಂದುಕೊಂಡೆ.

ಹನ್ನೊಂದನೆಯ ಅಧ್ಯಾಯಕ್ಕೆ ಬಂದಾಗ ಧಾಟಿ ಬದಲಾಯಿತು. ಅದು ಹೆಂಗಸರ ಬಗ್ಗೆ. ಬೇರೆ ದೇಶದ, ಬೇರೆ ಬಣ್ಣದ ಗಂಡಸರ ಜೊತೆ ಹೋಗುವ ಹೆಂಗಸರೆಲ್ಲ ಒಂದೋ ಹಣಕ್ಕೆ ಹೋಗುತ್ತಾರೆ, ಇಲ್ಲವೇ ಮನೆಯವರ ಮೇಲಿನ ಸಿಟ್ಟಿಗೆ. ಕೊನೆಗೆ ಗಂಡಸು ಯಾವಾಗಲೂ ಬಿಟ್ಟು ಓಡುತ್ತಾನೆ. ಮೂವತ್ತು ವರ್ಷ ಹತ್ತು ದೇಶದವರ ನಡುವೆ ಬಾಳಿದವನ ಮಾತು ಇದು ಎಂದು ಮೇಲಿಂದ ಒಂದು ಮೊಹರು ಬೇರೆ. ಫಿಲಿಪೈನ್ಸಿನ ಹೆಂಗಸರಿಗೆ ಎರಡು ಪುಟ ಇಟ್ಟಿದ್ದರು. ಅವರು ಅನ್ನಕ್ಕೆ ನೀರನ್ನು ಬೆರಳಿನ ಗೆರೆಯಲ್ಲಿ ಅಳೆಯುತ್ತಾರೆ, ಸಿಟ್ಟು ಬಂದರೆ ಬಾಲ್ಕನಿಯಲ್ಲಿ ನಿಂತು ಹಾಡುತ್ತಾರೆ, ಅವರ ಎಡಗೈಯ ಕಿರುಬೆರಳು ಸ್ವಲ್ಪ ಸೊಟ್ಟ. ಇಡೀ ಒಂದು ದೇಶದ ಹೆಂಗಸರಿಗೆ ಕಿರುಬೆರಳು ಸೊಟ್ಟ ಇರುವುದುಂಟೇ? ಒಬ್ಬಳನ್ನೇ ಬಹುವಚನದಲ್ಲಿ ಮುಚ್ಚಿಟ್ಟಿದ್ದಾರೆ ಎಂದು ಗೊತ್ತಾಯಿತು. ಬದಿಯಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ಮುಂದೆ ಹೋದೆ.

ಮುಂದಿನ ಪುಟದಲ್ಲಿ ನಮ್ಮ ಊರಿನ ಉದಾಹರಣೆ ಇತ್ತು. ‘ಬೆಳ್ಮಣ್ ಕಡೆಯ ಒಬ್ಬಳು ಮಣಿಪಾಲದಲ್ಲಿ ಕೆಲಸಕ್ಕಿದ್ದಳು. ಓದಲು ಬಂದ ಆಫ್ರಿಕಾದವನೊಬ್ಬನ ಜೊತೆ ಎರಡು ವರ್ಷ ತಿರುಗಿದಳು. ಅವನು ಕೈಕೊಟ್ಟು ಓಡಿದ. ಇವಳಿಗೆ ಆಮೇಲೆ ಮದುವೆಯೇ ಆಗಲಿಲ್ಲ.’

ಅದು ನಾನು.

ಓದಿ ನನಗೆ ಏನೂ ಆಗಲಿಲ್ಲ. ಒಂದು ಅಲ್ಪವಿರಾಮ ಹೆಚ್ಚಿತ್ತು, ತೆಗೆದೆ. ಹೊರಗೆ ಹೋಗಿ ಚಹಾ ಕುಡಿದು ಬಂದೆ.

ನಡೆದದ್ದು ಇಷ್ಟು. ಅವನು ತಾಂಜಾನಿಯಾದವನು, ಫಾರ್ಮಸಿ ಓದುತ್ತಿದ್ದ. ಪ್ರಾಜೆಕ್ಟ್ ವರದಿ ಬೈಂಡ್ ಮಾಡಿಸಲು ನಮ್ಮಲ್ಲಿಗೆ ಬಂದು ಪರಿಚಯವಾದವನು. ಓದು ಮುಗಿಯುತ್ತಾ ಬಂದಾಗ, ನಿನ್ನ ತಾಯಿಯನ್ನು ಕಂಡು ಕೇಳುತ್ತೇನೆ ಎಂದ. ಒಂದು ಭಾನುವಾರ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆವು. ನಮ್ಮ ಕಡೆಯ ಬಸ್ಸಿನಲ್ಲಿ ಹೆಂಗಸರಿಗೆ ಮುಂದಿನ ಬಾಗಿಲು, ಗಂಡಸರಿಗೆ ಹಿಂದಿನದು. ಅವನು ಹೊಸ ಬಿಳಿ ಅಂಗಿ ಹಾಕಿಕೊಂಡು, ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದ. ಬೆಳ್ಮಣ್ಣಿನಲ್ಲಿ ಇಳಿದೆ. ಎದುರಿಗೆ ನನ್ನ ಸೋದರಮಾವ ನಿಂತಿದ್ದರು. ನಮ್ಮಲ್ಲಿ ತಂದೆಗಿಂತ ಮಾವನ ಮಾತು ಹೆಚ್ಚು. ಹಿಂದಿನ ಬಾಗಿಲಲ್ಲಿ ಅವನು ಒಂದು ಕಾಲು ಮೆಟ್ಟಿಲಿಗೆ ಇಳಿಸಿದ್ದ. ನಾನು ಅವನತ್ತ ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದೆ. ಅವನು ಕಾಲನ್ನು ಒಳಗೆ ತೆಗೆದುಕೊಂಡ. ಕಂಡಕ್ಟರ್ ವಿಸಿಲ್ ಹೊಡೆದ. ಬಸ್ಸು ಅವನನ್ನು ಕಾರ್ಕಳಕ್ಕೆ ಕೊಂಡುಹೋಯಿತು. ಆಮೇಲೆ ಅವನ ಒಂದು ಫೋನನ್ನೂ ನಾನು ಎತ್ತಲಿಲ್ಲ. ಕೊನೆಗೆ ನಂಬರೇ ಬದಲಾಯಿಸಿದೆ.

ಅಮ್ಮನಿಗೆ ಅವನ ಸುದ್ದಿ ಅದಾಗಲೇ ಯಾರಿಂದಲೋ ಮುಟ್ಟಿತ್ತು. ಅವನು ಬಿಟ್ಟು ಓಡಿದ ಎಂದು ನಾನೇ ಹೇಳಿದೆ. ನಾನು ಬಿಟ್ಟೆ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಮಾವನ ಮುಖ ನೋಡಿ ಹೆದರಿದೆ ಎಂದು ಹೇಳಲು ನಾಚಿಕೆ. ಕರಿಯ ಓಡಿಹೋದ ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಎಲ್ಲರಿಗೂ ಅದು ಮೊದಲೇ ಗೊತ್ತಿರುತ್ತದೆ. ಅಮ್ಮನೂ ಕೇಳಲಿಲ್ಲ. ಪೀಡೆ ತೊಲಗಿತು ಅಂದಳು.

ವಾರ ಬಿಟ್ಟು ಕಾಪುವಿನವರು ತಿದ್ದಿದ ಪುಟ ನೋಡಲು ಬಂದರು. ಅದೇ ಅಧ್ಯಾಯದ ಕೊನೆಯಲ್ಲಿ ಒಂದು ವಾಕ್ಯ ಇತ್ತು. ‘ಇಂಥ ಹೆಂಗಸರು ಹೆತ್ತ ಮಕ್ಕಳಿಗೆ ಬಳಿಯೂ ಇಲ್ಲ, ಊರೂ ಇಲ್ಲ.’ ಬಳಿ ಎಂದರೆ ನಮ್ಮಲ್ಲಿ ಕುಲದ ಹೆಸರು. ಅದು ತಂದೆಯಿಂದ ಬರುವುದಲ್ಲ, ತಾಯಿಯಿಂದ ಬರುವುದು. ಮದುವೆಯ ಮಾತೆತ್ತಿದರೆ ಮೊದಲು ಕೇಳುವುದೇ ಅದನ್ನು. ತುಳುವನಾದವನು ನಿದ್ದೆಯಲ್ಲೂ ಅದನ್ನು ತಪ್ಪಿ ಹೇಳಲಿಕ್ಕಿಲ್ಲ.

“ಸರ್, ಇದೊಂದು ತಪ್ಪುಂಟು. ತಾಯಿ ತುಳುವಳಾದ್ರೆ, ಅಪ್ಪ ಯಾವ ದೇಶದವನೇ ಆಗಲಿ, ಮಗುವಿಗೆ ಅವಳ ಬಳಿ ಬರ್ತದೆ ಅಲ್ವಾ? ನಮ್ಮ ಗಂಡಸು ಹೊರಗಿನವಳನ್ನು ಕಟ್ಟಿಕೊಂಡ್ರೆ ಆ ಮಗುವಿಗೆ ಮಾತ್ರ ಬಳಿ ಇಲ್ಲ” ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವರು ಮುಟ್ಟಿ ನೋಡಿಕೊಂಡದ್ದು ಬರವಣಿಗೆಯಲ್ಲಿ.

“ನನಗೊಬ್ಬಳು ಮಗಳು ಉಂಟು ಮೇಡಂ” ಎಂದರು. “ಅಲ್ಲಿ, ಅವಳ ತಾಯಿಯ ಊರಿನಲ್ಲಿ. ಈಗ ದೊಡ್ಡವಳಾಗಿರಬಹುದು. ಇಲ್ಲಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.”

“ಅದನ್ನೇ ಬರೆಯಬಹುದಿತ್ತಲ್ಲ ಸರ್?”

“ಎಂತ ಬರೆಯುವುದು ಮಾರಾಯ್ರೆ? ಓಡಿದವನು ನಾನೇ ಅಂತ ಬರೆಯುವುದಾ?”

ಒಳಗೆ ಯಂತ್ರ ಓಡುತ್ತಿತ್ತು. ಆಮೇಲೆ ಅವರೇ, ಬಳಿಯ ವಾಕ್ಯ ಹೊಡೆದು ಹಾಕಿ, ಸೊಟ್ಟ ಬೆರಳಿನದ್ದೂ ತೆಗೆಯಿರಿ ಎಂದರು. ಬೇರೆ ಸಂಶಯ ಏನಾದರೂ ಉಂಟಾ ಎಂದು ಕೇಳಿದರು. ನಾನು ಬೆಳ್ಮಣ್ಣಿನ ಪ್ಯಾರಾದ ಮೇಲೆ ಬೆರಳಿಟ್ಟೆ.

“ಇದು ನಿಮಗೆ ಹೇಗೆ ಗೊತ್ತು?”

“ಅದು ನೂರಕ್ಕೆ ನೂರು ನಿಜ” ಎಂದರು, ಈಗ ಸ್ವಲ್ಪ ಧೈರ್ಯ ಬಂದವರಂತೆ. “ಆ ಹುಡುಗಿಯ ತಾಯಿಯೇ ನನ್ನ ಅಕ್ಕನ ಹತ್ತಿರ ಹೇಳಿದ್ದು. ಹುಡುಗಿಯೇ ಬಾಯಿಬಿಟ್ಟು ಹೇಳಿದ್ದಂತೆ. ಅದಕ್ಕಿಂತ ದೊಡ್ಡ ಸಾಕ್ಷಿ ಎಂತ ಬೇಕು? ಈ ಅಧ್ಯಾಯದಲ್ಲಿ ನಾನು ಏನೂ ಸೇರಿಸದೆ ಬರೆದದ್ದು ಅದೊಂದೇ ಮೇಡಂ.”

ಅವರು ಯಾರ ಎದುರಿಗೂ ಹೇಳದ ಮಾತನ್ನು ಈಗಷ್ಟೇ ನನ್ನ ಎದುರಿಗೆ ಹೇಳಿದ್ದರು. ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಆ ಹುಡುಗಿ ನಾನೇ ಎಂದು ಕೂಡ ಹೇಳಬೇಕಿರಲಿಲ್ಲ, ಅವನು ಓಡಲಿಲ್ಲ ಎಂದರೆ ಸಾಕಿತ್ತು. ಬಾಯಿ ತೆರೆದೆ.

“ಹಾಗಾದ್ರೆ ಇರಲಿ” ಎಂದೆ.

ಪುಸ್ತಕ ಅಚ್ಚಾಗಿ ಬಂತು. ಅವರು ಸಹಿ ಹಾಕಿ ನನಗೊಂದು ಪ್ರತಿ ಕೊಟ್ಟರು. ಅಳು ಬಂದಿದ್ದರೆ ಒಳ್ಳೆಯದಿತ್ತು, ಬರಲಿಲ್ಲ. ನಾಚಿಕೆ ಮಾತ್ರ ಉಂಟು, ಅದೂ ಮಂಕಾಗಿ. ಆ ಪುಟದಲ್ಲಿ ಅವನು ಕೈಕೊಟ್ಟು ಓಡಿದವನು. ಅದನ್ನು ಎರಡು ಸಲ ಓದಿ, ತಪ್ಪಿಲ್ಲ, ಮುದ್ರಿಸಬಹುದು ಎಂದು ಬರೆದುಕೊಟ್ಟವಳು ನಾನು.