ಬಾಯಿಗೆ ಬಾರದ ಸಾರಿ

ನಾನು ಚಿಕ್ಕವನಿದ್ದಾಗ ನನಗೆ ಬರುತ್ತಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದ, 'ಸಾರಿ'. ಅಕ್ಕ ಕಲಿಸಿದ್ದಳು. ಅವತ್ತಿನಿಂದ ಮನೆಯಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ. ಕಾಲು ತುಳಿದರೆ ಸಾರಿ, ಸೀನಿದರೆ ಸಾರಿ, ಕೋಳಿ ಅಡ್ಡ ಬಂದರೆ ಅದಕ್ಕೂ ಒಂದು ಸಾರಿ. ಅಕ್ಕನ ಜಡೆಗಂತೂ ಮೊದಲೇ ಸಾರಿ ಹೇಳಿ, ಆಮೇಲೆ ನಿಶ್ಚಿಂತೆಯಿಂದ ಎಳೆಯುತ್ತಿದ್ದೆ.

ಅಪ್ಪನಿಗೆ ಕೋರಮಂಡಲ್‌ನ ಚಿನ್ನದ ಗಣಿಯಲ್ಲಿ ಕೆಲಸ. ಗಣಿಗೆ ಇಳಿಯುವವರೆಲ್ಲ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಗಣಿಯ ಗೇಟಿನಲ್ಲಿರುವ ಹಲಗೆಯ ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಅಲ್ಲೇ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಎಂದರ್ಥ.

ಒಂದು ಮಧ್ಯಾಹ್ನ ಗೇಟಿನಲ್ಲಿ ಅಪ್ಪನಿಗಾಗಿ ಕಾದಿದ್ದೆ. ಬೆವರು, ಮಣ್ಣು, ಬೀಡಿಯ ವಾಸನೆ ಹೊತ್ತು ಅಪ್ಪ ಬಂದ. ಬಿಲ್ಲೆ ನಾನೇ ಹಾಕುತ್ತೇನೆಂದು ಕಾಡಿದೆ.

"ಸರಿಯಾಗಿ ಆಕ್ಬುಟ್ಟು ಮನೆಗೋಗ್ಲಾ, ನಾನು ತರ್ಕಾರಿ ತತ್ತೀನಿ" ಎಂದು ಅಪ್ಪ ರಾಬರ್ಟ್‌ಸನ್‌ಪೇಟೆ ಕಡೆ ಹೋದ.

ಬಿಲ್ಲೆ ಬೆಚ್ಚಗಿತ್ತು. ಕಲ್ಲಿನ ಮೇಲೆ ತಿರುಗಿಸಿದರೆ ಬುಗುರಿಯಂತೆ ಗಿರ್ರನೆ ತಿರುಗಿತು! ಆಡುತ್ತಾ ಆಡುತ್ತಾ ಅದರ ಜೊತೆಗೇ ಮನೆಗೆ ಬಂದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಗೇಟಿನಿಂದ ಒಬ್ಬರು ಓಡಿಬಂದರು. "ನಿಮ್ಮಪ್ಪ ಮನೇಗ್ ಬಂದವ್ನಾ?" ಅಕ್ಕ ಇಲ್ಲವೆಂದಳು. "ಅಂಗಾದ್ರೆ ಕೆಳಗೇ ಅವ್ನೆ!"

ಅಕ್ಕ ಬರಿಗಾಲಲ್ಲೇ ಓಡಿದಳು, ಹಿಂದೆ ನಾನು. ಗೇಟಿನಲ್ಲಿ ಆರು ಜನ ಟೋಪಿಗೆ ದೀಪ ಸಿಕ್ಕಿಸಿಕೊಂಡು, ಅಪ್ಪನನ್ನು ಹುಡುಕಲು ಇಳಿಯುವುದಕ್ಕೆ ನಿಂತಿದ್ದರು. ಆಗಷ್ಟೇ ದಣಿದು ಮೇಲೆ ಬಂದವರು. ಅಕ್ಕ ಅಳುತ್ತಿದ್ದಳು. ಬಿಲ್ಲೆ ನನ್ನ ಚಡ್ಡಿ ಜೇಬಿನಲ್ಲಿ ಕೆಂಡವಾಗಿತ್ತು. ಕೋಳಿಗೂ ಸಾರಿ ಹೇಳಿದ್ದ ಬಾಯಿಗೆ ಈಗ ಆ ಪದವೇ ಬರಲಿಲ್ಲ. ಬಿಲ್ಲೆ ಮುಂದೆ ಚಾಚಿ, "ಅಪ್ಪ ಪ್ಯಾಟೆಗೋಗವ್ನೆ" ಎಂದೆ.

ಅವರಲ್ಲಿ ಒಬ್ಬರು ಟೋಪಿ ತೆಗೆದು ನೆಲದ ಮೇಲೇ ಕುಳಿತುಬಿಟ್ಟರು. "ಯಪ್ಪಾ, ಜೀವ ಬಂತು ಕಣ್ಲಾ!"

ಅಷ್ಟರಲ್ಲಿ ನುಗ್ಗೇಕಾಯಿ ಕಟ್ಟು ಹೊತ್ತು ಅಪ್ಪನೇ ಬಂದ. "ಏನ್ರಣ್ಣಾ, ಯಾರಿಗೇನಾಯ್ತು?" ಎಲ್ಲರೂ ಒಟ್ಟಿಗೇ ನಕ್ಕರು. ಅಕ್ಕ ಅವನ ಸೊಂಟ ಹಿಡಿದವಳು ಬಿಡಲೇ ಇಲ್ಲ.

ವಿಷಯ ತಿಳಿದ ಅಪ್ಪ ಹೊಡೆಯಲಿಲ್ಲ. ಕಿವಿ ಹಿಡಿದು ಆ ಆರು ಜನರ ಮುಂದೆ ನಿಲ್ಲಿಸಿದ. "ಒಬ್ಬೊಬ್ರ ಮಕ ನೋಡಿ ಸಾರಿ ಯೇಳ್ಲಾ." ಮೂರನೆಯವರ ಹತ್ತಿರ ಬರುವಷ್ಟರಲ್ಲಿ ಗೊಳೋ ಎಂದು ಅಳುತ್ತಿದ್ದೆ. "ಓಗ್ಲಿ ಬುಡಣ್ಣಾ, ನೀನ್ ಮೇಲೇ ಇದ್ದೀಯಲ್ಲ, ಅಷ್ಟು ಸಾಕು" ಎಂದು ಅವರೇ ನನ್ನ ಕಿವಿ ಬಿಡಿಸಿದರು.

ಆ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ನೀವು ಒಂದು ಕೈಯಲ್ಲಿ ಚಿಪ್ಸ್ ತಿನ್ನುತ್ತ, ಇನ್ನೊಂದು ಕೈಯಲ್ಲಿ ಫೋನ್ ಒತ್ತಿ ಸಾರಿ ಕಳಿಸುತ್ತೀರಿ, ಜೊತೆಗೊಂದು ಅಳುಮೋರೆಯ ಬೊಂಬೆ ಬೇರೆ. ನನಗೆ ಆ ಅನುಕೂಲ ಎಲ್ಲಿತ್ತು ಮಕ್ಕಳೇ? ಅಳುಮೋರೆಯನ್ನೂ ನಾನೇ ಹೊತ್ತುಕೊಂಡು ಹೋಗಬೇಕಾಗಿತ್ತು, ಮೂಗು ಸುರಿಸಿಕೊಂಡು.