ಸಣ್ಣ ಹೊಲಿಗೆಯ ನಂಬರು

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಬಿಲ್ಲು ಬರೆಯುತ್ತಿದ್ದೆ. ಸುತ್ತಮುತ್ತಲ ಕಾರ್ಖಾನೆಗಳು ತಮ್ಮ ಕೆಲಸಗಾರರ ಚಿಕಿತ್ಸೆಯ ಖರ್ಚು ಕೊಡುತ್ತಿದ್ದವು. ಆದರೆ ಬಿಲ್ಲಿನಲ್ಲಿ ಆಪರೇಶನ್ನಿನ ಹೆಸರಿದ್ದರೆ ಸಾಲದು, ಅವರು ಕಳಿಸಿದ್ದ ದಪ್ಪ ಪುಸ್ತಕದಲ್ಲಿ ಅದರ ನಂಬರು ಹುಡುಕಿ ಹಾಕಬೇಕು. ಆ ನಂಬರು ನೋಡಿಯೇ ಬಿಲ್ಲೂ ಮಂಜೂರು, ರಜೆಯೂ ಮಂಜೂರು.

ನಮ್ಮ ಡಾಕ್ಟರಿಗೆ ಒಂದು ಚಾಳಿ. ಏನೇ ಕೊಯ್ದರೂ "ಸಣ್ಣ ಆಪರೇಶನ್ನು" ಎನ್ನುತ್ತಿದ್ದರು. ಅಪೆಂಡಿಕ್ಸೂ ಸಣ್ಣದು, ಗರ್ಭಕೋಶ ತೆಗೆದದ್ದೂ ಸಣ್ಣದು. ಅದರಿಂದ ರೋಗಿಗಳಿಗೆ ಧೈರ್ಯ, ನನಗೆ ತಲೆನೋವು. ಕೋಪವೋ, ನನಗೆ ಮೊದಲೇ ಮೂಗಿನ ತುದಿಯಲ್ಲಿ.

ಒಂದು ದಿನ ಲೇತ್ ಕೆಲಸದವನೊಬ್ಬನ ಬಿಲ್ಲು ಬರೆಯಲು ಕೂತೆ. ತಗಡು ತಗುಲಿ ಅವನ ಬಲ ಅಂಗೈ ಸೀಳಿತ್ತು. ಚೀಟಿಯಲ್ಲಿ ಡಾಕ್ಟರು ಬರೆದಿದ್ದು ಸಣ್ಣ ಹೊಲಿಗೆ ಎಂದಷ್ಟೇ. ಆ ನಂಬರು ಹಾಕಿದರೆ ವಾರಕ್ಕೆಲ್ಲ ಅವನು ಮತ್ತೆ ಮಿಶಿನ್ನಿನ ಮುಂದೆ ನಿಲ್ಲಬೇಕು. ಆದರೆ ವಾರ್ಡಿಗೆ ಹೋಗಿ ನೋಡಿದರೆ, ಬೆರಳುಗಳನ್ನು ಮಡಿಸಿ ಮೊಣಕೈವರೆಗೂ ಕಟ್ಟು ಹಾಕಿದ್ದರು. ನನಗೆ ಅನುಮಾನ ಬಂತು. ಟೀ ಕುಡಿಯುತ್ತಿದ್ದ ಡಾಕ್ಟರನ್ನೇ ಹಿಡಿದೆ.

"ಸಾರ್, ಬರೀ ಚರ್ಮ ಹೊಲಿದ್ರಾ, ನರಾನೂ ಸೇರ್ಸಿದ್ರಾ?"

"ಬೆರಳು ಮಡ್ಸೋ ನರಾನೇ ಕಟ್ ಆಗಿತ್ತಮ್ಮ. ಸೇರ್ಸಿದೀನಿ. ಈಗ ಕೈ ಅಲ್ಲಾಡ್ಸಿದ್ರೆ ಬಿಟ್ಕೊಳತ್ತೆ."

"ಮತ್ತೆ ಸಣ್ಣ ಹೊಲಿಗೆ ಅಂತ ಬರ್ದಿದೀರಲ್ಲ?"

ಅವರು ದನಿ ತಗ್ಗಿಸಿದರು. "ಅವನ ತಾಯಿ ಸ್ಕೂಲ್ ಟೀಚರ್ರು. ಮಂಚಕ್ಕೂ ಇದೇ ಚೀಟಿ ತೂಗ್ಹಾಕಿದೆ, ದಿನಾ ಓದ್ತಾರೆ. ಮೊದ್ಲೇ ಬಿ.ಪಿ. ಜಾಸ್ತಿ ಇದೆ. ಗಾಬ್ರಿಯಾಗ್ತಾರೆ."

ತಾಯಿಯ ಗಾಬರಿ ತಪ್ಪಿಸಲು ಹೋಗಿ ಮಗನ ಕೈಯನ್ನೇ ಕಳೆಯುವುದೇ? ನನಗೆ ರೇಗಿಹೋಯಿತು. "ಚೀಟಿ ನಿಮ್ಮಿಷ್ಟದ ಹಾಗೇ ಇರ್ಲಿ ಸಾರ್. ಬಿಲ್ಲಿಗೆ ನರ ಸೇರ್ಸಿದ ನಂಬರ್ ಹಾಕ್ತೀನಿ. ನಂಬರ್ ಓದಿ ಯಾರೂ ಗಾಬ್ರಿಯಾಗಲ್ಲ. ಸೈನ್ ಮಾಡಿ."

ಟೀ ಲೋಟ ಕೆಳಗಿಟ್ಟು ಸೈನ್ ಮಾಡಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೂ ಕಾರ್ಖಾನೆಯವರು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು. ಸಂಜೆ ಬಸವೇಶ್ವರನಗರದ ಮನೆಗೆ ನಡೆದು ಹೋಗುವಾಗಲೂ ಅದೇ ಯೋಚನೆ. ಕೊನೆಗೆ ಎರಡು ತಿಂಗಳ ರಜೆ ಮಂಜೂರಾಯಿತೆಂದು ತಿಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಅವನು ನನಗೇನು ನೆಂಟನೇ? ಆದರೂ ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಕಟ್ಟು ಬಿಚ್ಚಿ ಕೆಲವು ವಾರಗಳಾದ ಮೇಲೆ ತಾಯಿ ಮಗ ಬಂದರು. ಡಾಕ್ಟರು ಅವನಿಗೆ ನನ್ನ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಳ್ಳಲು ಹೇಳಿದರು. ಬೆರಳುಗಳು ನಿಧಾನವಾಗಿ ಮಡಚಿಕೊಂಡವು. ಪೆನ್ನು ಮೇಲೆದ್ದಿತು.

"ನೋಡಿ ಅಮ್ಮ, ನಾನು ಹೇಳಿರ್ಲಿಲ್ವಾ, ಸಣ್ಣ ಆಪರೇಶನ್ನು" ಎಂದರು ಡಾಕ್ಟರು. ಆಕೆ ವಿನಯದಿಂದ ತಲೆಯಾಡಿಸಿದರು.

ಡಾಕ್ಟರು ಒಳಗೆ ಹೋದ ಮೇಲೆ ಆಕೆ ನನ್ನ ಪಕ್ಕಕ್ಕೆ ಬಂದರು. "ಸಣ್ಣ ಹೊಲಿಗೆಗೆ ಎರಡು ತಿಂಗಳು ರಜ ಯಾರು ಕೊಡ್ತಾರಮ್ಮ? ರಜ ಸಿಕ್ಕಿದ ದಿನಾನೇ ನಂಗೆ ಗೊತ್ತಾಯ್ತು. ಡಾಕ್ಟ್ರಿಗೆ ಹೇಳ್ಬೇಡ. ಪಾಪ, ಬೇಜಾರು ಮಾಡ್ಕೋತಾರೆ."

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅಷ್ಟರಲ್ಲಿ ಆಕೆಯ ಮಗ ಗೇಟಿನ ಹತ್ತಿರ ಹೋಗಿ, ಬಲಗೈಯಲ್ಲೇ ಚಿಲಕ ತೆಗೆದು, ತಾಯಿಗಾಗಿ ಕಾಯುತ್ತ ನಿಂತಿದ್ದ.