ಶುಭಂ, ಏಳಿ

ಚಿಕ್ಕಂದಿನಲ್ಲಿ ನೋಡಿದ ಸಿನಿಮಾಗಳಲ್ಲಿ ಒಂದರ ಕೊನೆಯನ್ನೂ ನಾನು ನೋಡಿಲ್ಲ. ಇದಕ್ಕೆ ಕಾರಣ ನಮ್ಮ ಮನೆಯ ಹಸು.

ನಮ್ಮೂರು ಸಾಲಗಾಮೆ ಕಡೆ. ಸಿನಿಮಾ ನೋಡಬೇಕೆಂದರೆ ಹಾಸನಕ್ಕೆ ಬರಬೇಕು, ಅದೂ ಮ್ಯಾಟಿನಿಗೆ. ಆ ಹಸು ಅಮ್ಮನನ್ನು ಬಿಟ್ಟು ಇನ್ಯಾರಿಗೂ ಹಾಲು ಕೊಡುತ್ತಿರಲಿಲ್ಲ. ಅಪ್ಪ ಹತ್ತಿರ ಹೋದರೆ ಒದೆಯುತ್ತಿತ್ತು, ನಾನು ಹೋದರೆ ನೆಕ್ಕುತ್ತಿತ್ತು, ಎರಡರಿಂದಲೂ ಹಾಲು ಬರುವುದಿಲ್ಲ. ಸಂಜೆ ಹೊತ್ತಿಗೆ ಸರಿಯಾಗಿ ಡೈರಿಗೆ ಹಾಲು ಹಾಕಬೇಕಾದರೆ ಐದು ಗಂಟೆಯ ಬಸ್ಸು ಹಿಡಿಯಲೇಬೇಕು. ಸಿನಿಮಾ ಮುಗಿಯುವುದೋ ಐದೂವರೆಗೆ. ಹಾಗಾಗಿ ಖಳನಾಯಕ ಯಾರನ್ನಾದರೂ ಕಂಬಕ್ಕೆ ಕಟ್ಟುವ ಹೊತ್ತಿಗೆ ಅಪ್ಪ ಪಂಚೆ ಕೊಡವಿಕೊಂಡು ಎದ್ದು, "ಶುಭಂ, ಏಳಿ," ಅನ್ನುತ್ತಿದ್ದ. ಹಿಂದೆ ಕೂತವರು ಬೈಯುತ್ತಿದ್ದರು. ನಾವು ಬಗ್ಗಿಕೊಂಡು ಬಾಗಿಲ ಕಡೆ ನಡೆಯುತ್ತಿದ್ದೆವು.

ಶುಭಂ ಅನ್ನುವ ಮಾತು ತೆರೆಯ ಮೇಲೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕನ್ನಡದ ಮೇಷ್ಟ್ರು ತರಗತಿಯಲ್ಲಿ ಅದರ ಅರ್ಥ ಕೇಳಿದಾಗ, "ಬಸ್ಸಿಗೆ ವೊತ್ತಾಯ್ತು ಅಂತ ಸಾ," ಎಂದು ಹೇಳಿ ಬೆಂಚಿನ ಮೇಲೆ ನಿಂತೆ.

ಬಿಟ್ಟುಬಂದ ಕೊನೆಯನ್ನು ಅಪ್ಪ ಬಸ್ಸಿನಲ್ಲಿ ಪೂರ್ತಿ ಮಾಡುತ್ತಿದ್ದ. ಆಲೂಗಡ್ಡೆ ಹಾಕಲು ಮಾರ್ಕೆಟ್ಟಿಗೆ ಬಂದಾಗಲೇ ಸಿನಿಮಾ ನೋಡಿಬಿಟ್ಟಿದ್ದೀನಿ ಎನ್ನುವುದು ಅವನ ಮಾತು. ನಾನು ಸೀಟು ಹಿಡಿದ ಕೂಡಲೇ, "ಅಪ್ಪ, ಏಳು," ಅಂತ ಪೀಡಿಸುತ್ತಿದ್ದೆ. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಕಥೆ ಹೇಳು ಎಂದರೂ ಏಳು, ಎದ್ದೇಳು ಎಂದರೂ ಏಳು. ಅಪ್ಪ ಪ್ರತಿಸಲವೂ, "ಎದ್ರೆ ಸೀಟ್ ಓಯ್ತದೆ ಕಣ್ಲಾ," ಎಂದು ತಮಾಷೆ ಮಾಡಿ, ಆಮೇಲೆ ಶುರುಮಾಡುತ್ತಿದ್ದ.

ಅಪ್ಪನ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ, ಎಲ್ಲರೂ ಉಣ್ಣುತ್ತಿದ್ದರು. ನನಗೆ ಬಲು ಇಷ್ಟವಾದ ಸಿನಿಮಾದ ಖಳನಾಯಕನಿಗೆ ಒಂದು ಗಾಜಿನ ಕಣ್ಣು, ಪಕ್ಕದಲ್ಲಿ ಯಾವಾಗಲೂ ಒಂದು ಬಿಳಿ ನಾಯಿ. ಅವನು ನಾಯಕನ ತಾಯಿಯನ್ನು ಗೋಡೌನಿನಲ್ಲಿ ಕಟ್ಟಿಹಾಕಿ ಪಿಸ್ತೂಲು ತೆಗೆದ, ನಾವು ಎದ್ದೆವು. ಅಪ್ಪನ ಪ್ರಕಾರ, ಆಗ ಆ ತಾಯಿ ಅವನ ಬಾಡಿದ ಮುಖ ನೋಡಿ, ಉಂಡಿದ್ದೀಯೇನಪ್ಪ ಎಂದು ಕೇಳುತ್ತಾಳೆ. ಇಲ್ಲ ಅನ್ನುತ್ತಾನೆ. ಹಾಗಾದರೆ ಹಗ್ಗ ಬಿಚ್ಚು ಅನ್ನುತ್ತಾಳೆ, ಬಿಚ್ಚುತ್ತಾನೆ. ಅವಳು ಅಲ್ಲೇ ಮೂರು ಕಲ್ಲು ಹೂಡಿ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸುತ್ತಾಳೆ. ಎರಡನೇ ಮುದ್ದೆಗೆ ಅವನಿಗೆ ಅಳು ಬಂದು, ಪಿಸ್ತೂಲನ್ನು ಕಲಗಚ್ಚಿನ ಬಾನಿಗೆ ಎಸೆಯುತ್ತಾನೆ. ಗೋಡೌನಿನಲ್ಲಿ ಕಲಗಚ್ಚು ಎಲ್ಲಿಂದ ಬಂತೆಂದು ನನಗೆ ಅನುಮಾನ ಬರಲಿಲ್ಲ. ಎಲ್ಲರ ಮನೆಯಲ್ಲೂ ಇರುವುದು ಅವನ ಮನೆಯಲ್ಲೂ ಇರುತ್ತದೆ.

ಮದುವೆಯಾದ ಮೇಲೆ ತಕರಾರು ಶುರುವಾಯಿತು. ನನ್ನ ಹೆಂಡತಿ ಚನ್ನರಾಯಪಟ್ಟಣದವಳು, ತವರುಮನೆ ಟಾಕೀಸಿನ ಹಿಂದಿನ ಬೀದಿ. ಅವರ ಮನೆಯಲ್ಲಿ ಹಸು ಇರಲಿಲ್ಲವಾದ್ದರಿಂದ ಅವಳು ಎಲ್ಲ ಸಿನಿಮಾಗಳ ಕೊನೆಯನ್ನೂ ನೋಡಿದ್ದಳು. ಆ ತಾಯಿಗೆ ಗುಂಡು ಬೀಳುತ್ತದೆ, ಮಗನ ತೊಡೆ ಮೇಲೆ ತಲೆಯಿಟ್ಟು ಬಹಳ ಹೊತ್ತು ಮಾತಾಡಿ ಸಾಯುತ್ತಾಳೆ ಎಂದಳು. ಸಾಧ್ಯವೇ ಇಲ್ಲ ಎಂದೆ. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಶುರುವಾದ ಜಗಳವೂ ಆ ತಾಯಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ನ್ಯಾಯಕ್ಕೆ ಅಪ್ಪನ ಬಳಿ ಹೋದರೆ, "ಚನ್ರಾಯಪಟ್ಣಕ್ಕೆ ಬ್ಯಾರೆ ಪ್ರಿಂಟು ಬಂದಿರ್ಬೇಕು ಕಣವ್ವ," ಎಂದು ಎಲೆಗೆ ಸುಣ್ಣ ಹಚ್ಚಲು ಕೂರುತ್ತಿದ್ದ. ಆ ತೀರ್ಪು ಹಿಡಿದುಕೊಂಡು ನಾನು ಮನೆ ತುಂಬ ಮೆರೆಯುತ್ತಿದ್ದೆ.

ಈಗ ಅಪ್ಪ ಅಮ್ಮ ಹಾಸನದಲ್ಲಿ ನಮ್ಮ ಜೊತೆಗೇ ಇದ್ದಾರೆ. ನಾನು ಪಾಠ ಮಾಡುವುದು ಹೊಳೆನರಸೀಪುರದಲ್ಲಿ. ಅಲ್ಲಿ ನನ್ನ ಜೊತೆ ಇರುವ ಅರಕಲಗೂಡಿನ ಮೇಷ್ಟ್ರೊಬ್ಬರಿಗೆ ಹಳೇ ಸಿನಿಮಾದ ಹುಚ್ಚು. ಮೊನ್ನೆ ಅವರು ಆ ಸಿನಿಮಾವನ್ನೇ ಹುಡುಕಿ ಮೊಬೈಲಿಗೆ ಕಳಿಸಿದರು. ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ಟೀವಿಯಲ್ಲಿ ನೋಡೋಣ, ಜಗಳ ಇತ್ಯರ್ಥವಾಗಲಿ ಎಂದು ಸಾರಿದೆ. ಹೆಂಡತಿ ನಕ್ಕಳು. ಅಪ್ಪ ನಗಲಿಲ್ಲ.

ಶನಿವಾರ ಅಪ್ಪನಿಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿ, ನಾಳೆ ಶ್ರವಣಬೆಳಗೊಳಕ್ಕೆ ಹೋಗಿ ಬೆಟ್ಟ ಹತ್ತೋಣ ಎಂದ. ಮಂಡಿನೋವಿಗೆ ನಮ್ಮ ಮನೆಯ ಮೆಟ್ಟಿಲನ್ನೇ ಗೋಡೆ ಹಿಡಿದು ಹತ್ತುವವನು. ನಾವು ಒಪ್ಪದಿದ್ದಾಗ, ಭಾನುವಾರ ಪೂರ್ತಿ ಕರೆಂಟು ಇರುವುದಿಲ್ಲವಂತೆ ಎಂದ. ಭಾನುವಾರ ಕರೆಂಟಿತ್ತು, ರಿಮೋಟು ಇರಲಿಲ್ಲ. ಅದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಪಾಠ ಮಾಡಿ ಸಂಬಳ ತೆಗೆದುಕೊಳ್ಳುವ ನನಗೆ ಆಗಲೂ ಏನೂ ಹೊಳೆಯಲಿಲ್ಲ.

ಅಮ್ಮನೇ ನನ್ನನ್ನು ಅಡುಗೆಮನೆಗೆ ಕರೆದಳು. "ಸೊಸೆ ಮುಂದೆ ನಿಮ್ಮಪ್ಪನ ಮಾನ ಕಳೀಬ್ಯಾಡ ಕಣ್ಲಾ. ಅವ್ರು ಒಬ್ರೇ ಯಾವತ್ತೂ ಸಿನಿಮಾಕ್ ಓದೋರಲ್ಲ."

ನಾನು ಸಿಂಕಿಗೆ ಒರಗಿ ನಿಂತೆ. ಇಷ್ಟು ವರ್ಷ ಹೆಂಡತಿಯ ಜೊತೆ ನಾನು ಕಾದಾಡಿದ್ದು ಅಪ್ಪನ ಕೈಯಡುಗೆಯ ಪರವಾಗಿ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಉಕ್ಕಿ ಬಂದದ್ದು ಪ್ರೀತಿಯೇ. ಸಿನಿಮಾ ನಿಲ್ಲಿಸೋಣವೆಂದು ನಡುಮನೆಗೆ ಓಡಿದರೆ ಹೆಂಡತಿ ಆಗಲೇ ಹಾಕಿಬಿಟ್ಟು, ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ನನ್ನ ಆ ಮಹಾ ಸಿನಿಮಾ ಹೇಗಿತ್ತೆಂದು ಏನು ಹೇಳಲಿ. ತಾಯಿಗಿಂತ ಮಗನೇ ದೊಡ್ಡವನ ಹಾಗೆ ಕಾಣುತ್ತಿದ್ದ. ನಾಯಕಿಯ ಬಂಗಲೆಯ ಸೋಫಾವೇ ಖಳನಾಯಕನ ಅಡ್ಡೆಗೂ ಬಂದಿತ್ತು, ಮೇಲೊಂದು ಕೆಂಪು ಬೆಡ್‌ಶೀಟು ಹೊದಿಸಿದ್ದರು. ಗಾಜಿನ ಕಣ್ಣು ಒಮ್ಮೆ ಎಡಕ್ಕಿದ್ದರೆ ಇನ್ನೊಮ್ಮೆ ಬಲಕ್ಕೆ. ನಿದ್ದೆಯಲ್ಲೂ ನನ್ನನ್ನು ಬೆಚ್ಚಿಸುತ್ತಿದ್ದ ಆ ಬಿಳಿ ನಾಯಿ, ಛೂ ಬಿಟ್ಟಾಗಲೆಲ್ಲ ಬಾಲ ಅಲ್ಲಾಡಿಸಿಕೊಂಡು ಹೋಗಿ ನಾಯಕನ ಕೈ ನೆಕ್ಕುತ್ತಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನೂ ನಕ್ಕೆ, ಆದರೆ ಕಣ್ಣು ಅಪ್ಪನ ಮೇಲಿತ್ತು. ಅವನು ಕುರ್ಚಿಯ ತುದಿಯಲ್ಲಿ, ಸಾಲ ಕೊಟ್ಟವರ ಮನೆಯಲ್ಲಿ ಕೂತವನ ಹಾಗೆ ಕೂತಿದ್ದ.

ಗೋಡೌನು ಬಂತು. ತಾಯಿಯನ್ನು ಕಂಬಕ್ಕೆ ಕಟ್ಟಿದರು. ಪಿಸ್ತೂಲು ಹೊರಗೆ ಬಂತು. ಅಪ್ಪ ಮಂಡಿಗೆ ಕೈಕೊಟ್ಟು ಎದ್ದು ನಿಂತು, ಪಂಚೆ ಕೊಡವಿಕೊಂಡ.

"ಶುಭಂ, ಏಳಿ."

ಹಸು ಇಲ್ಲ, ಡೈರಿ ಇಲ್ಲ, ಐದು ಗಂಟೆಯ ಬಸ್ಸೂ ಇಲ್ಲ. ಆದರೂ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ನಾನು ನನ್ನದೇ ನಡುಮನೆಯಲ್ಲಿ ಬಗ್ಗಿಕೊಂಡು ನಡೆದು, ಬಾಗಿಲಲ್ಲಿ ಚಪ್ಪಲಿ ಹುಡುಕಿದೆ. ಗೇಟಿನ ಹತ್ತಿರ ಹೋಗಿ ನಿಂತ ಮೇಲೆ ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿಯಲಿಲ್ಲ. ಅಪ್ಪ ರಸ್ತೆ ನೋಡುತ್ತಿದ್ದ, ನಮ್ಮನ್ನು ನೋಡುತ್ತಿರಲಿಲ್ಲ.

ಒಳಗಿನಿಂದ ಗುಂಡಿನ ಸದ್ದು ಬರಬೇಕಿತ್ತು, ಬರಲಿಲ್ಲ. ಹೆಂಡತಿ ಟೀವಿ ಆರಿಸಿ ಬಂದಳು. ಗೆದ್ದವಳು ಅವಳು; ನಮ್ಮೆಲ್ಲರ ಮುಖ ನೋಡಿದರೇ ಅವಳಿಗೆ ವಿಷಯ ಗೊತ್ತಾಗುತ್ತಿತ್ತು. ಒಂದು ಮಾತು ಆಡಿದ್ದರೆ ಅಪ್ಪ ಇನ್ನು ಮುಂದೆ ಯಾವ ಕಥೆಗೂ ಬಾಯಿ ತೆರೆಯುತ್ತಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಅವನ ಪಕ್ಕ ಹೋಗಿ ನಿಂತಳು.

"ನಮ್ಮೂರಿಗೆ ಬಂದಿದ್ದು ಬ್ಯಾರೆ ಪ್ರಿಂಟು ಮಾವ. ನೀವ್ ನೋಡಿದ್ ಏಳಿ."

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಗೇಟಿಗೆ ಒರಗಿ, ಆ ತಾಯಿ ಉಂಡಿದ್ದೀಯೇನಪ್ಪ ಎಂದು ಕೇಳಿದಲ್ಲಿಂದ ಶುರುಮಾಡಿದ. ಈ ಸಲ ಬಿಳಿ ನಾಯಿಗೂ ಒಂದು ಮುದ್ದೆ ಸಿಕ್ಕಿತು.